ಹದಿಮೂರನೆಯ ಲೋಟ

ಸಣ್ಣ ಮಕ್ಕಳೆಂದರೆ ನನಗೆ ಮೊದಲಿನಿಂದಲೂ ಭಯ. ಮೂವತ್ತೊಂದು ವರ್ಷ ಮದ್ದೂರು ಕಡೆಯ ಹೈಸ್ಕೂಲುಗಳಲ್ಲಿ ಡ್ರಿಲ್ ಟೀಚರಾಗಿದ್ದವಳು ನಾನು. ಇನ್ನೂರು ಹುಡುಗಿಯರನ್ನು ಒಂದು ಸೀಟಿಗೆ ನಿಲ್ಲಿಸಿ ಇನ್ನೊಂದು ಸೀಟಿಗೆ ಚದುರಿಸಬಲ್ಲೆ. ಆದರೆ ಮೂರು ನಾಲ್ಕು ವರ್ಷದ ಮಗು ಬೇರೆಯೇ ಜಾತಿ. ಈಗ ಕಾಲ ಹತ್ತಿರ ಇರುತ್ತದೆ, ತಿರುಗಿ ನೋಡುವಷ್ಟರಲ್ಲಿ ಬಾವಿಕಟ್ಟೆಯ ಮೇಲಿರುತ್ತದೆ. ಸ್ವಿಚ್ಚು, ಗುಂಡಿ, ಬೀದಿನಾಯಿ, ಕಾದ ಪಾತ್ರೆ, ಎಲ್ಲವೂ ಅದಕ್ಕೆ ಬೇಕು. ನನಗೆ ಮಕ್ಕಳಾಗಲಿಲ್ಲ. ಆ ಭಯವನ್ನು ಮನೆಯಲ್ಲೇ ಪಳಗಿಸಿಕೊಳ್ಳುವ ಅವಕಾಶವೂ ಸಿಗಲಿಲ್ಲ.

ನಾನು ನಿವೃತ್ತಳಾದ ವರ್ಷವೇ ಯಜಮಾನರು ತೀರಿಕೊಂಡರು. ಮದರಾಸಿನಲ್ಲಿದ್ದ ತಂಗಿ ಬಂದು ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಊರಿನ ಹೆಸರು ಚೆನ್ನೈ ಎಂದಾಗಿ ಆಗಲೇ ಕೆಲವು ವರ್ಷಗಳಾಗಿದ್ದವು; ನಾವಿಬ್ಬರೂ ಮಾತ್ರ ಮದರಾಸೆಂದೇ ಅನ್ನುತ್ತಿದ್ದೆವು. ಅವಳ ಮನೆ ಮಾಧವರಂನಲ್ಲಿ, ಹಾಲಿನ ಡೈರಿಗೆ ಹತ್ತಿರದ ಒಂದು ಕಾಲೋನಿಯಲ್ಲಿ. ರೈಲಿನಲ್ಲಿ ಒಂದು ರಾತ್ರಿಯ ದಾರಿಯಾದರೂ ನನ್ನ ಪಾಲಿಗೆ ಅದು ಪರದೇಶವೇ. ಬಸ್ಸಿನ ಬೋರ್ಡು ಓದಲಾರೆ. ತರಕಾರಿಯವನು ಹೇಳಿದ್ದರಲ್ಲಿ ಅರ್ಧ ಗೊತ್ತಾಗದು. ಅರವತ್ತರ ಹತ್ತಿರ ಬಂದವಳು ಬೀದಿಯಲ್ಲಿ ಮೂಗಿಯ ಹಾಗೆ ನಿಲ್ಲಬೇಕಾಗಿತ್ತು.

ಮನೆಯೊಳಗೆ ನಾನು ಸುಮ್ಮನಿರಲಿಲ್ಲ. ಐದಕ್ಕೆ ಏಳುವುದು, ಐದೂವರೆಗೆ ಅಂಗಳದಲ್ಲಿ ಕೈಕಾಲು ಆಡಿಸುವುದು, ಆರಕ್ಕೆ ಕಾಫಿ. ಎರಡನೆಯ ತಿಂಗಳಿಗೇ ತಂಗಿಗೆ ಸಾಕಾಯಿತು. ತಮಿಳು ಬೆರೆತ ತನ್ನ ಕನ್ನಡದಲ್ಲಿ ರೇಗಿದಳು.

“ಅಕ್ಕ, ನೀ ಒಂದ್ಕಡೆ ಸುಮ್ನೆ ಕೂರಲ್ವಾ? ನನ್ನ ಡಬ್ಬಾನೆಲ್ಲ ಸೈಜ್‌ವಾರಿ ಜೋಡ್ಸಿಟ್ಟಿದ್ದೀಯ. ಉಪ್ಪೆಲ್ಲಿ, ಪುಳಿಯೆಲ್ಲಿ, ಒಂದೂ ತೆರೀಲಿಲ್ಲ ನಂಗೆ.”

“ಹುಣಿಸೆಹಣ್ಣು ಎರಡನೇ ಸಾಲು, ಎಡಗಡೆಯಿಂದ ಮೂರನೇದು.”

“ಅಯ್ಯೋ ಕಡವುಳೇ! ಆಚೆ ಬೀದೀಲಿ ಒಂದು ಅನಾಥ ಮಕ್ಕಳ ಮನೆ ಇದೆ. ಅಲ್ಲಿ ಹೋಗಿ ಅವ್ರನ್ನ ಸಾಲಲ್ಲಿ ನಿಲ್ಸು ಹೋಗು. ನನ್ನ ಡಬ್ಬಾ ಬಿಟ್ಬಿಡು.”

ಅವಳು ತಮಾಷೆಗೆ ಹೇಳಿದ್ದು. ನಾನು ಮಾರನೆಯ ದಿನ ಮೂರು ಗಂಟೆಗೆ ಹೋಗಿ ಆ ಮನೆಯ ಬಾಗಿಲಲ್ಲಿ ನಿಂತಿದ್ದೆ.

ಹಳೆಯ ಕಾಲದ ಒಂಟಿ ಮಹಡಿಯ ಮನೆ. ಮುಂದೆ ಅಂಗಳ, ಉದ್ದಕ್ಕೆ ಜಗಲಿ, ಒಳಗೆ ಹಜಾರ, ಹಜಾರದ ಮೂಲೆಯಲ್ಲಿ ಮೇಲಕ್ಕೆ ಹೋಗುವ ಮೆಟ್ಟಿಲು. ಎರಡರಿಂದ ಆರು ವರ್ಷದೊಳಗಿನ ಹನ್ನೆರಡು ಮಕ್ಕಳು. ಅವರನ್ನು ನೋಡಿಕೊಳ್ಳಲು ಒಬ್ಬಳು ಆಯಾ. ಎಲ್ಲದಕ್ಕೂ ಮೇಲೆ ಒಬ್ಬ ಹಿರಿಯ ಹೆಂಗಸು. ಅವರನ್ನು ಎಲ್ಲರೂ ಪೆರಿಯಕ್ಕ, ಅಂದರೆ ದೊಡ್ಡಕ್ಕ, ಎಂದು ಕರೆಯುತ್ತಿದ್ದರು. ತ್ರಿಪ್ಲಿಕೇನಿನ ಹಳೆಯ ಶ್ರೀವೈಷ್ಣವ ಮನೆತನದವರು. ಮೂರು ತಲೆಮಾರಿನಿಂದ ಅಲ್ಲಿದ್ದರೂ ಮನೆಮಾತು ಕನ್ನಡ. ಆ ಕನ್ನಡದಲ್ಲಿ ಅರ್ಧ ತಮಿಳು. ಆದರೂ ಅದು ನನ್ನ ಕಿವಿಗೆ ಬಿದ್ದಾಗ ನನಗೆ ಕಣ್ಣು ತುಂಬಿ ಬಂತು.

“ವಾಲಂಟಿಯರ್ ಅಂತ ತುಂಬ ಜನ ಬರ್ತಾರೆ ಟೀಚರ್,” ಎಂದರು ಅವರು. “ಕೊಳಂದೆಗಳ ಕೆನ್ನೆ ಚಿವುಟಿ, ಫೋಟೋ ತೆಗೆಸ್ಕೊಂಡು, ನಾಲ್ಕನೇ ದಿನ ಕಾಣೋದಿಲ್ಲ. ನೀವು ಎಷ್ಟು?”

“ಮೂರರಿಂದ ಐದು. ಭಾನುವಾರ ಬಿಟ್ಟು.”

“ನಾನು ಗಂಟೆ ಕೇಳಲಿಲ್ಲ, ದಿನ ಕೇಳಿದೆ,” ಎಂದು ನಕ್ಕರು.

ಮೊದಲ ವಾರ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿ ಯಾವುದಕ್ಕೂ ಹೊತ್ತು ಗೊತ್ತಿರಲಿಲ್ಲ. ಒಂದು ಮಗು ಮಲಗಿದ್ದಾಗ ಇನ್ನೊಂದು ತಿನ್ನುತ್ತಿತ್ತು, ಮತ್ತೊಂದು ಗೇಟಿನ ಸರಳಿಗೆ ತಲೆ ತೂರಿಸಿ ಅಳುತ್ತಿತ್ತು. ಗೇಟಿನಾಚೆ ಹತ್ತು ಹೆಜ್ಜೆಗೆ ಡೈರಿಯ ವ್ಯಾನುಗಳು ಓಡಾಡುವ ರಸ್ತೆ. ನಾನು ಎಣಿಸುತ್ತಿದ್ದೆ. ಕೂತಲ್ಲಿ ನಿಂತಲ್ಲಿ ಎಣಿಸುತ್ತಿದ್ದೆ. ಹನ್ನೊಂದು ಬಂದರೆ ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ, ಹನ್ನೆರಡು ಬಂದರೆ ಕೂರುತ್ತಿದ್ದೆ. ಹನ್ನೊಂದೇ ಹೆಚ್ಚಾಗಿ ಬರುತ್ತಿತ್ತು.

ಎರಡನೆಯ ವಾರ ಟ್ರಂಕಿನಿಂದ ನನ್ನ ಹಿತ್ತಾಳೆ ಸೀಟಿ ತೆಗೆದೆ. ಜಗಲಿಯ ಮೇಲೆ ಬಿಳಿ ಪೇಂಟಿನಿಂದ ಹನ್ನೆರಡು ವೃತ್ತ ಬರೆದೆ, ಒಬ್ಬೊಬ್ಬರಿಗೆ ಒಂದೊಂದು. ನನ್ನ ತಮಿಳು ಮಕ್ಕಳಿಗೆ ಅರ್ಥವಾಗದು, ಸೀಟಿ ಯಾವ ಭಾಷೆಯವರಿಗೂ ಅರ್ಥವಾಗುತ್ತದೆ. ಒಂದು ಉದ್ದ ಸೀಟಿ ಊದಿದರೆ ಅವರವರ ಜಾಗಕ್ಕೆ ಓಡಿ, ಕೈ ಕೆಳಗೆ ಬಿಟ್ಟು, ಮಾತಿಲ್ಲದೆ ನಿಲ್ಲಬೇಕು. ಎರಡು ಚಿಕ್ಕ ಸೀಟಿ ಊದಿದರೆ ಬಿಡುಗಡೆ. ಅಲ್ಲಿಯವರೆಗೆ ಯಾರು ಕರೆದರೂ ಅಲ್ಲಾಡಬಾರದು. ಇದೊಂದನ್ನು ನಾನು ಬಲವಾಗಿ ಕಲಿಸಿದೆ. ಉದ್ದ ಸೀಟಿ ಊದಿ, ಆಯಾಳ ಕೈಯಲ್ಲಿ ಬಿಸ್ಕತ್ತು ಹಿಡಿಸಿ, ಅವಳಿಂದಲೇ ಹೆಸರು ಹಿಡಿದು ಕರೆಸುತ್ತಿದ್ದೆ. ಓಡಿದ ಮಗುವಿಗೆ ಬಿಸ್ಕತ್ತಿಲ್ಲ. ನಿಂತ ಮಗುವಿಗೆ ಎರಡು. ನಾನೇ ಕರೆದು ಪರೀಕ್ಷೆ ಮಾಡುತ್ತಿದ್ದೆ. ನನ್ನ ಕರೆಗೂ ಬರಬಾರದು.

“ಇದು ಇಸ್ಕೂಲಲ್ಲ ಟೀಚರ್, ಮನೆ,” ಎಂದು ಪೆರಿಯಕ್ಕ ಒಂದು ದಿನ ಮೆಲ್ಲಗೆ ಹೇಳಿದರು. ಆದರೆ ತಿಂಗಳಾಗುವಷ್ಟರಲ್ಲಿ ಮಕ್ಕಳಿಗೇ ಅದು ಆಟವಾಗಿತ್ತು. ನಾನು ಬೀದಿಯ ತಿರುವಿನಲ್ಲಿ ಕಾಣಿಸಿದರೆ ಸಾಕು, “ವಿಸಿಲ್ ಪಾಟಿ! ವಿಸಿಲ್ ಪಾಟಿ!” ಎಂದು ಗೇಟಿನಲ್ಲಿ ಕೂಗು. ಪಾಟಿ ಎಂದರೆ ಅಜ್ಜಿ. ಆ ಹೆಸರು ನನಗೆ ಇಷ್ಟವಾಯಿತು. ಭಯವೂ ಸ್ವಲ್ಪ ಇಳಿಯಿತು. ಹನ್ನೆರಡು ವೃತ್ತ, ಹನ್ನೆರಡು ತಲೆ. ಒಂದೇ ನೋಟಕ್ಕೆ ಲೆಕ್ಕ ಮುಗಿಯುತ್ತಿತ್ತು.

ಹೀಗೆ ಒಂದು ವರ್ಷ ಕಳೆಯಿತು. ಆಮೇಲೆ ಹದಿಮೂರನೆಯವಳು ಬಂದಳು.

ನಾಲ್ಕು ತುಂಬಿರಬಹುದು. ಹೇನಿಗಾಗಿ ತಲೆ ಬೋಳಿಸಿದ್ದರು. ಮೈಮೇಲೆ ಯಾರೋ ಕೊಟ್ಟ ಹಳದಿ ಫ್ರಾಕು, ಮೊಣಕಾಲಿಗಿಂತ ಕೆಳಗೆ ಬರುತ್ತಿತ್ತು. ಯಾವುದೋ ಬಸ್ ನಿಲ್ದಾಣದಲ್ಲಿ ಒಬ್ಬಳೇ ನಿಂತಿದ್ದಳಂತೆ, ಬೆಳಗಿನಿಂದ ಸಂಜೆಯವರೆಗೆ, ಒಂದೇ ಕಂಬದ ಹತ್ತಿರ. ಅಮ್ಮ ಬರುತ್ತೇನೆಂದು ಹೇಳಿ ಹೋಗಿದ್ದಾಳೆ, ಅಷ್ಟೇ ಅವಳು ಹೇಳಿದ್ದು. ನಮ್ಮಲ್ಲಿಗೆ ಬಂದ ಮೇಲೆ ಅದೂ ಇಲ್ಲ. ಮಾತು ಬರುತ್ತಿತ್ತು, ಆಡುತ್ತಿರಲಿಲ್ಲ. ಸೀಟಿಯ ನಿಯಮ ಮಾತ್ರ ಎರಡೇ ದಿನದಲ್ಲಿ ಕಲಿತಳು. ಬೇರೆ ಮಕ್ಕಳು ತುಟಿ ಕಚ್ಚಿ, ಕಿಸಕ್ಕೆಂದು, ಹೇಗೋ ನಿಲ್ಲುತ್ತಿದ್ದರು. ಅವಳು ಕಲ್ಲಿನಂತೆ ನಿಲ್ಲುತ್ತಿದ್ದಳು. ಅದು ನನಗೆ ಹೆಮ್ಮೆಯಾಗಿತ್ತು ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ಅವಳಿಗೆ ವೃತ್ತವಿರಲಿಲ್ಲ. ಪೇಂಟು ಮುಗಿದಿತ್ತು. ತರಿಸಬೇಕು, ನಾಳೆ ಬರೆಯಬೇಕು ಎನ್ನುತ್ತಲೇ ಮೂರು ವಾರವಾಯಿತು. ಯಾವ ಕೆಲಸವನ್ನೂ ನಾಳೆಗೆ ಇಡದವಳು ಅದೊಂದನ್ನು ಇಟ್ಟೆ. ದಿನವೂ ಅವಳ ಭುಜ ಹಿಡಿದು ಯಾವುದಾದರೂ ಎರಡು ವೃತ್ತದ ನಡುವೆ ನಿಲ್ಲಿಸುತ್ತಿದ್ದೆ.

ಆ ವರ್ಷ ಊರಿಗೆ ನೀರು ನೀಡುವ ಕೆರೆಗಳೆಲ್ಲ ಒಣಗಿದ್ದವು. ನಲ್ಲಿ ತಿರುಗಿಸಿದರೆ ಗಾಳಿ ಬುಸ್ಸೆನ್ನುತ್ತಿತ್ತು. ಎರಡು ದಿನಕ್ಕೋ ಮೂರು ದಿನಕ್ಕೋ ನೀರಿನ ಲಾರಿ ಬರುತ್ತಿತ್ತು, ಹೊತ್ತಿಲ್ಲ ಗೊತ್ತಿಲ್ಲ. ಅಂಗಳದಲ್ಲಿ ನೆಲದೊಳಗೆ ಸಂಪು ಇತ್ತು, ಎಂಟಡಿ ಆಳ. ಕಬ್ಬಿಣದ ಮುಚ್ಚಳ ಸರಿಸಿ ಲಾರಿಯ ಪೈಪು ಇಳಿಬಿಟ್ಟು ತುಂಬಿಸಬೇಕು. ಉಳಿದ ನೀರನ್ನು ಬೀದಿಯವರು ಕೊಡಗಳಲ್ಲಿ ಹಿಡಿದುಕೊಳ್ಳುತ್ತಿದ್ದರು. ಆ ಮುಚ್ಚಳ ತೆರೆಯುವುದೆಂದರೆ ನನಗೆ ಭಯ. ಅದಕ್ಕೇ ನಾನೇ ಒಂದು ನಿಯಮ ಮಾಡಿ, ಪೆರಿಯಕ್ಕನಿಂದ ತಮಿಳಿನಲ್ಲಿ ಬರೆಸಿ, ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೆ: ಮುಚ್ಚಳ ತೆಗೆದಾಗಿನಿಂದ ಮುಚ್ಚುವವರೆಗೆ ಒಬ್ಬರು ಅದರ ಪಕ್ಕದಲ್ಲಿ ನಿಂತಿರಬೇಕು. ನಾನಿರುವ ಹೊತ್ತಿನಲ್ಲಿ ಆ ಒಬ್ಬರು ನಾನೇ.

ಅಂದು ಮೂರೂವರೆಗೆ ಮಕ್ಕಳು ನಿದ್ದೆಯಿಂದ ಎದ್ದಿದ್ದರು. ಆಯಾ ಹಜಾರದಲ್ಲಿ ಚಾಪೆ ಸುತ್ತುತ್ತಿದ್ದಳು. ನಾನು ಜಗಲಿಯಲ್ಲಿ ನಿಂತು ಉದ್ದ ಸೀಟಿ ಊದಿದೆ. ಹನ್ನೆರಡು ಮಕ್ಕಳು ವೃತ್ತಗಳಿಗೆ ಓಡಿದರು. ಹಳದಿ ಫ್ರಾಕಿನವಳು ನನ್ನ ಮುಂದೆ ಬಂದು ಮುಖ ನೋಡುತ್ತಾ ನಿಂತಳು. ಎಲ್ಲಿ ನಿಲ್ಲಲಿ ಎಂದು ಕೇಳುವ ಕಣ್ಣು. ಅಷ್ಟರಲ್ಲಿ ಬೀದಿಯಲ್ಲಿ ಲಾರಿಯ ಹಾರನ್ನು.

“ಎಂಗೆಯಾವದು ನಿಲ್ಲು, ಪೋ!” ಎಂದೆ. ಎಲ್ಲಾದರೂ ನಿಂತುಕೋ, ಹೋಗು. ನನ್ನ ಹರಕು ತಮಿಳಿನಲ್ಲಿ ಅದು ಇನ್ನಷ್ಟು ಒರಟಾಗಿ ಕೇಳಿಸಿರಬೇಕು. ಅವಳು ತಿರುಗಿ ಹೋದಳು. ಎಲ್ಲಿಗೆ ಹೋದಳೆಂದು ನಾನು ನೋಡಲಿಲ್ಲ.

ಗೇಟು ತೆರೆದೆ. ಲಾರಿಯ ಕ್ಲೀನರು ಮುಚ್ಚಳ ಸರಿಸಿ ಪೈಪು ಇಳಿಸಿದ. ನಾನು ಪಕ್ಕದಲ್ಲಿ ನಿಂತೆ. ಜಗಲಿಯ ಮೇಲಿನ ಮಕ್ಕಳು ಒಂದು ನಿಮಿಷ ತಡೆದು, ಆಮೇಲೆ ಲಾರಿ ನೋಡಲು ಜಗಲಿಯ ಅಂಚಿಗೆ ಓಡಿದ್ದು ಕೇಳಿಸಿತು. ಆಯಾ ಅವರನ್ನು ಗದರಿ ಒಳಗೆ ಸೇರಿಸಿಕೊಂಡಳು. ಗೇಟಿನಾಚೆ ಹದಿನೈದು ಇಪ್ಪತ್ತು ಹೆಂಗಸರು ಕೊಡ ಹಿಡಿದು ಮುಗಿಬಿದ್ದಿದ್ದರು. ಸಾಲಿಲ್ಲ, ಏನಿಲ್ಲ. “ನಾನ್ ತಾನ್ ಮೊದಲ್ಲೆ ವಂದೇನ್!” ಎಂದು ಒಬ್ಬಳು, ನೀನೆಲ್ಲಿ ಮೊದಲು ಬಂದೆ ಎಂದು ಇನ್ನೊಬ್ಬಳು. ಪ್ಲಾಸ್ಟಿಕ್ ಕೊಡಗಳು ಒಂದಕ್ಕೊಂದು ಬಡಿಯುತ್ತಿದ್ದವು. ಒಬ್ಬಳ ಜಡೆ ಇನ್ನೊಬ್ಬಳ ಕೈಯಲ್ಲಿತ್ತು.

ನಾನು ನೋಡಿದೆ. ನೋಡಿಕೊಂಡು ನಿಲ್ಲಲಾಗಲಿಲ್ಲ. ಗೇಟಿನಾಚೆ ಹೋದೆ. ಕೈ ಚಾಚಿ, ಗೋಡೆಗೆ ಸರಿಯಾಗಿ ಒಬ್ಬೊಬ್ಬರನ್ನೇ ನಿಲ್ಲಿಸಿದೆ. ಕೊಡ ಬಲಗೈಯಲ್ಲಿ, ಒಬ್ಬರ ಹಿಂದೆ ಒಬ್ಬರು. ಅವರು ನಗುತ್ತಾ ನಿಂತರು. ಸಾಲು ನೆಟ್ಟಗಾಯಿತು. ಐದು ನಿಮಿಷ ಹಿಡಿಯಿತು. ನನ್ನ ಬೆನ್ನ ಹಿಂದೆ ಸಂಪು ಬಾಯಿ ತೆರೆದುಕೊಂಡಿತ್ತು.

ವಾಪಸು ಬಂದಾಗ ಕ್ಲೀನರು ಪೈಪು ಎಳೆದುಕೊಂಡಿದ್ದ. ಮುಚ್ಚಳ ಹಾಕಿಸಿದೆ. ಲಾರಿ ಹೋಯಿತು. ನಾಲ್ಕು ಗಂಟೆ. ಹಾಲಿನ ಹೊತ್ತು.

ಹಾಲು ಕೊಡುವುದೂ ನನ್ನ ಕೆಲಸ. ಹಜಾರದಲ್ಲಿ ತಟ್ಟೆಯ ಮೇಲೆ ಹದಿಮೂರು ಸ್ಟೀಲ್ ಲೋಟ ಜೋಡಿಸಿ, ಒಂದೇ ಮಟ್ಟಕ್ಕೆ ಹಾಲು ಸುರಿದೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ತೆಗೆದುಕೊಂಡರು. ಗದ್ದಲ ನಿಂತಿತು, ಹೀರುವ ಸದ್ದು ಮಾತ್ರ. ತಟ್ಟೆಯ ಮೇಲೆ ಒಂದು ಲೋಟ ಉಳಿದಿತ್ತು. ಮೇಲೆ ಕೆನೆ ಕಟ್ಟುತ್ತಿತ್ತು.

ತಲೆಗಳನ್ನು ಎಣಿಸಿದೆ. ಹನ್ನೆರಡು. ಮತ್ತೆ ಎಣಿಸಿದೆ.

ಆಯಾಳನ್ನು ಕರೆದು ಕೇಳಿದೆ. ಅವಳು ಬಚ್ಚಲಿಗೆ ಹೋಗಿ ನೋಡಿದಳು. “ಇಂಗೆ ಇಲ್ಲೆ.” ಅಡುಗೆಮನೆಯ ಹಿಂದೆ ನೋಡಿದಳು. “ಇಂಗೆಯುಂ ಇಲ್ಲೆ.” ನಾನು ಮೆಟ್ಟಿಲು ಹತ್ತಿ ಮಹಡಿ ನೋಡಿದೆ, ಬಾಗಿಲಿಗೆ ಬೀಗವಿತ್ತು. ಇಳಿದು ಬಂದು ಮೆಟ್ಟಿಲ ಕೆಳಗಿನ ಗೂಡಿನ ಹತ್ತಿರ ಬಗ್ಗಿದೆ. ಸುತ್ತಿದ ಚಾಪೆಗಳನ್ನೆಲ್ಲ ಆಯಾ ಅಲ್ಲಿ ಒತ್ತಾಗಿ ನಿಲ್ಲಿಸಿದ್ದಳು. “ಪಾಪಾ! ಪಾಪಾ!” ಎಂದು ಎರಡು ಸಲ ಕೂಗಿದೆ. ಒಂದು ಚಾಪೆಯ ಅಂಚು ಸರಿಸಿದೆ. ಕತ್ತಲು. ಯಾವ ಮಗುವೂ ಅಷ್ಟು ಹತ್ತಿರದಿಂದ ಕೂಗಿದರೆ ಓಗೊಡದೆ ಇರುವುದಿಲ್ಲ. ಹಾಗಂದುಕೊಂಡು ಎದ್ದೆ.

ಗದ್ದಲ ಕೇಳಿ ಪೆರಿಯಕ್ಕ ತಮ್ಮ ಕೋಣೆಯಿಂದ ಬಂದರು. ವಿಷಯ ತಿಳಿದೊಡನೆ ಅವರ ಕಣ್ಣು ಅಂಗಳಕ್ಕೆ ಹೋಯಿತು, ಸಂಪಿನ ಮೇಲೆ ನಿಂತಿತು.

“ಟೀಚರ್, ಮೂಡಿ ಹತ್ರ ನೀವು ತಾನೆ ಇದ್ರಿ?” ಎಂದು ಮುಚ್ಚಳ ತೋರಿಸಿ ಕೇಳಿದರು. “ಒಂದು ನಿಮಿಷಾನೂ ಕದಲಲಿಲ್ಲ ತಾನೆ?”

ಮೂವತ್ತೊಂದು ವರ್ಷದಲ್ಲಿ ತಡವಾಗಿ ಬಂದ ಹುಡುಗಿಯರ ಬಾಯಿಂದ ನಾನು ಕೇಳದ ಸುಳ್ಳಿಲ್ಲ. ಸುಳ್ಳು ಹೇಳುವವರು ಮೊದಲು ಎಂಜಲು ನುಂಗುತ್ತಾರೆಂದು ನನಗೆ ಗೊತ್ತು. ನಾನೂ ನುಂಗಿದೆ.

“ಇಲ್ಲ ಅಕ್ಕ. ನಾನೇ ನಿಂತಿದ್ದೆ.”

ಅವರ ಮುಖ ಸ್ವಲ್ಪ ಸಡಿಲವಾಯಿತು. “ಪೆರುಮಾಳೇ. ಹಾಗಾದ್ರೆ ಗೇಟು ತೆರೆದಾಗ ರೋಡಿಗೆ ಹೋಗಿರ್ಬೇಕು,” ಎಂದರು. ನನ್ನ ಮಾತನ್ನು ಅವರು ಹಾಗೆ ನಂಬಿದರು. ಒಂದು ವರ್ಷದಿಂದ ಮೂರಕ್ಕೆ ಸರಿಯಾಗಿ ಬಂದು ಐದಕ್ಕೆ ಸರಿಯಾಗಿ ಹೋಗುತ್ತಿದ್ದವಳ ಮಾತು ಅದು.

ಆಯಾ ಬಸ್ ಸ್ಟಾಪಿನ ಕಡೆ ಓಡಿದಳು. ನಾನು ಡೈರಿಯ ಕಡೆ. ಚಪ್ಪಲಿ ಹಾಕಿರಲಿಲ್ಲ, ಡಾಂಬರು ಸುಡುತ್ತಿತ್ತು. ಟೀ ಅಂಗಡಿಯಲ್ಲಿ ಕೇಳಿದೆ. ಹಳದಿ ಫ್ರಾಕು, ಬೋಳು ತಲೆ, ಎಂದು ಕೈಯಲ್ಲಿ ತಲೆ ಸವರಿ ತೋರಿಸಿದೆ. ಯಾರೂ ನೋಡಿರಲಿಲ್ಲ. ವ್ಯಾನುಗಳು ಒಂದರ ಹಿಂದೆ ಒಂದು ಬರುತ್ತಿದ್ದವು, ಪ್ರತಿಯೊಂದರ ಚಕ್ರವನ್ನೂ ನಾನು ನೋಡುತ್ತಿದ್ದೆ. ಆದರೆ ನಾನು ಅವಳನ್ನು ಹುಡುಕುತ್ತಿರಲಿಲ್ಲ. ಹುಡುಕುವವಳಂತೆ ಓಡುತ್ತಿದ್ದೆ. ಅವಳು ಎಲ್ಲಿದ್ದಾಳೆಂದು ನನ್ನ ಹೊಟ್ಟೆಗೆ ಗೊತ್ತಿತ್ತು. ಲಾರಿಯ ಪೈಪಿನಿಂದ ನೀರು ಧುಮುಕುವ ಸದ್ದಿನಲ್ಲಿ ಇನ್ನೊಂದು ಸಣ್ಣ ಸದ್ದು ಯಾರಿಗೂ ಕೇಳಿಸುವುದಿಲ್ಲ.

ಹತ್ತು ನಿಮಿಷವಾಗಿರಬೇಕು. ಗಡಿಯಾರ ನೋಡದೆ ಕಳೆದ ಹತ್ತು ನಿಮಿಷ ನನ್ನ ಜೀವನದಲ್ಲಿ ಅದೊಂದೇ. ಒಂದು ಹಾಲಿನ ವ್ಯಾನು ನನ್ನ ಮುಂದೆ ಕೀರೆಂದು ನಿಂತು, ಚಾಲಕ ತಲೆ ಹೊರಗೆ ಹಾಕಿ ಬೈದ. ನಡುರಸ್ತೆಯಲ್ಲಿ ನಿಂತಿದ್ದೆ. ಆಗ ಒಂದು ಲೆಕ್ಕ ತಲೆಗೆ ಬಂತು. ಬಿದ್ದಿದ್ದರೂ ಒಂದು ಪಕ್ಷ ಸಂಪಿನ ಗೋಡೆಯ ಕಬ್ಬಿಣದ ಮೆಟ್ಟಿಲು ಹಿಡಿದುಕೊಂಡಿದ್ದರೆ? ಮುಚ್ಚಳದ ಕೆಳಗೆ, ಕತ್ತಲಲ್ಲಿ? ನಾನು ಸುಳ್ಳು ಹೇಳಿದ್ದಕ್ಕೆ ಯಾರೂ ತೆರೆದು ನೋಡುತ್ತಿಲ್ಲ.

ತಿರುಗಿ ಓಡಿದೆ. ಪೆರಿಯಕ್ಕ ಗೇಟಿನಲ್ಲೇ ನಿಂತಿದ್ದರು.

“ಅಕ್ಕ, ನಾನು ನಿಂತಿರಲಿಲ್ಲ. ಬಿಟ್ಟು ಹೋಗಿದ್ದೆ.”

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಬೈಯಲಿಲ್ಲ.

“ಎಷ್ಟು ಹೊತ್ತು?”

“ಐದು ನಿಮಿಷ. ಹೊರಗೆ ಸಾಲು ನಿಲ್ಲಿಸೋಕೆ.”

“ಸಾಲು,” ಎಂದರು. ಅಷ್ಟೇ. ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತರು.

ಎದುರುಗಡೆ ಪಂಪುಸೆಟ್ಟು ರಿಪೇರಿ ಮಾಡುವವನ ಅಂಗಡಿ. ನಾನು ಕೂಗಿದ ಕೂಗಿಗೆ ಅವನು ಸ್ಪ್ಯಾನರು ಹಿಡಿದುಕೊಂಡೇ ಓಡಿಬಂದ. ಮುಚ್ಚಳ ಎತ್ತಿದ. ಬಗ್ಗಿ ನೋಡಿದೆವು. ಕಪ್ಪು ನೀರು, ಅದರಲ್ಲಿ ಒಂದು ಚೌಕ ಆಕಾಶ, ನಮ್ಮ ಎರಡು ತಲೆ. ಕಬ್ಬಿಣದ ಮೆಟ್ಟಿಲುಗಳನ್ನು ಯಾರೂ ಹಿಡಿದುಕೊಂಡಿರಲಿಲ್ಲ.

ಅವನು ಅಂಗಿ ತೆಗೆದು ಇಳಿದ. ನೀರು ಅವನ ಕುತ್ತಿಗೆಗೆ ಬಂತು. ಪಾದದಿಂದ ತಳ ತಡವುತ್ತಾ ಗೋಡೆ ಹಿಡಿದು ನಡೆದ. ನಾನು ಮೂಲೆಗಳನ್ನು ಎಣಿಸಿದೆ. ಒಂದು. ಎರಡು. ಕೊಡ ಹಿಡಿದ ಹೆಂಗಸರು ಆಗಲೇ ಅಂಗಳ ತುಂಬಿದ್ದರು. “ಅಯ್ಯೋ, ಇಷ್ಟು ತಣ್ಣಿಯೂ ಪೋಚ್ಚೇ,” ಎಂದು ಒಬ್ಬಳು ನೀರಿಗಾಗಿ ಮರುಗಿದಳು, ಇನ್ನೊಬ್ಬಳು ಅವಳ ತೋಳು ಗಿಲ್ಲಿದಳು. ಮೂರು. ಮೂರನೆಯ ಮೂಲೆಯಲ್ಲಿ ಅವನು ನಿಂತ.

“ಏದೋ ಇರುಕ್ಕು,” ಎಂದ. ಏನೋ ಇದೆ.

ಮೂಗು ಹಿಡಿದು ಮುಳುಗಿದ. ನೀರು ಮುಚ್ಚಿಕೊಂಡಿತು. ನಾನು ನೆಲ ಹಿಡಿದು ಕೂತಿದ್ದೆ. ಸಂಪಿನ ಅಂಚಿನ ಸಿಮೆಂಟು ಉಗುರಿಗೆ ಚುಚ್ಚುತ್ತಿತ್ತು. ದೇವರ ಹೆಸರು ಒಂದೂ ಬಾಯಿಗೆ ಬರಲಿಲ್ಲ. ಹಳದಿ ಬಣ್ಣ ಬೇಡ, ಹಳದಿ ಬಣ್ಣ ಬೇಡ ಎಂದಷ್ಟೇ ಒಳಗೆ ಓಡುತ್ತಿತ್ತು.

ಅವನು ಎದ್ದ. ಕೈಯಲ್ಲಿ ಕಪ್ಪಗೆ ಜೋಲುತ್ತಿದ್ದ ಏನನ್ನೋ ಮೇಲೆತ್ತಿದ. ಗೋಣಿಚೀಲ. ಹಿಂದೆ ಯಾವಾಗಲೋ ಪೈಪಿಗೆ ಸುತ್ತಿದ್ದು ಬಿದ್ದುಹೋಗಿತ್ತು. ನಾಲ್ಕನೆಯ ಮೂಲೆಯನ್ನೂ ನಡುವನ್ನೂ ತಡವಿ, “ಒಣ್ಣುಮೇ ಇಲ್ಲೆ, ಪಾಟಿಮ್ಮಾ,” ಎಂದ.

ಏನೂ ಇಲ್ಲ. ನನಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಸಂಪಿನಲ್ಲಿ ಇಲ್ಲದಿದ್ದರೆ ರಸ್ತೆ, ರಸ್ತೆಯಾಚೆ ಇಡೀ ಊರು. ಅವಳಿಗೆ ಹೆಸರು ಕೇಳಿದರೆ ಹೇಳುವುದಿಲ್ಲ. ಒಂದು ಸಲ ಯಾರೋ ಬಿಟ್ಟು ಹೋದ ಮಗು. ಎರಡನೆಯ ಸಲ ಬಿಟ್ಟವಳು ನಾನು.

ಪೊಲೀಸರಿಗೆ ಹೇಳಬೇಕೆಂದು ಪೆರಿಯಕ್ಕ ಒಳಗೆ ಫೋನಿನ ಹತ್ತಿರ ಹೋದರು. ನಾನು ಜಗಲಿ ಹತ್ತಿದೆ. ಅಲ್ಲಿ ಒಂದು ಹುಡುಗಿ ತನ್ನ ವೃತ್ತದೊಳಗೆ ನೆಟ್ಟಗೆ ನಿಂತಿದ್ದಳು. ಐದು ವರ್ಷದವಳು, ಹನ್ನೆರಡರಲ್ಲಿ ಹಿರಿಯಳು, ಬಾಯಾಳಿ. ಮೀಸೆಯ ಹಾಗೆ ಹಾಲು ಅಂಟಿತ್ತು. ದೊಡ್ಡವರ ಗಾಬರಿ ನೋಡಿ ತಾನೇನೋ ತಪ್ಪು ಮಾಡಿದೆನೆಂದು ಅಲ್ಲಿ ಹೋಗಿ ನಿಂತಿದ್ದಳೆಂದು ಕಾಣುತ್ತದೆ.

“ಒಳಗೆ ಹೋಗು,” ಎಂದೆ. ಅವಳು ಅಲ್ಲಾಡಲಿಲ್ಲ.

“ಪಾಟಿ,” ಎಂದಳು ಅಳುದನಿಯಲ್ಲಿ, “ನೀಂಗ ಇನ್ನುಂ ರೆಂಡು ವಿಸಿಲ್ ಅಡಿಕ್ಕಲೆ.”

ನೀವು ಇನ್ನೂ ಎರಡು ಸೀಟಿ ಊದಿಲ್ಲ.

ಆ ಮಗು ನನ್ನ ಮೇಲೆ ತಪ್ಪು ಹೊರಿಸುತ್ತಿರಲಿಲ್ಲ. ಲಾರಿ ನೋಡಲು ಓಡಿದ್ದಕ್ಕೆ ಕ್ಷಮೆ ಕೇಳುತ್ತಿತ್ತು. ಆದರೆ ನನ್ನ ಕೈ ಕತ್ತಿನ ಸೀಟಿಗೆ ಹೋಯಿತು. ಉದ್ದ ಸೀಟಿ ಊದಿದ್ದೆ. ಹಾರನ್ನು ಕೇಳಿ ಓಡಿದ್ದೆ. ಹನ್ನೆರಡು ಮಕ್ಕಳು ಮಕ್ಕಳಂತೆ ನಿಯಮ ಮುರಿದಿದ್ದರು. ಮುರಿಯದವಳು ಒಬ್ಬಳಿದ್ದಳು.

ಸೀಟಿಯನ್ನು ಬಾಯಿಗಿಟ್ಟೆ. ತುಟಿ ಒಣಗಿತ್ತು, ಉಸಿರು ಸಾಲಲಿಲ್ಲ, ಬರಿ ಗಾಳಿ ಹೋಯಿತು. ಮೂವತ್ತೊಂದು ವರ್ಷ ಊದಿದ ಸೀಟಿ. ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಂಡು ಮತ್ತೆ ಊದಿದೆ. ಒಂದು. ಎರಡು.

ಮನೆಯೊಳಗೆ ಏನೋ ಉರುಳಿತು.

ಓಡಿ ಹೋದೆ. ಮೆಟ್ಟಿಲ ಕೆಳಗೆ ಚಾಪೆಗಳು ಒಂದರ ಮೇಲೊಂದು ಬೀಳುತ್ತಿದ್ದವು. ಅವುಗಳ ಹಿಂದಿನಿಂದ ಅವಳು ಬಂದಳು. ಬೋಳು ತಲೆಯ ಮೇಲೆ ಜೇಡರ ಬಲೆ. ಫ್ರಾಕಿನ ಮುಂಭಾಗ ಒದ್ದೆ, ನಿಂತಲ್ಲೇ ಆಗಿಹೋಗಿತ್ತು. ಒಂದು ಗಂಟೆಯ ಮೇಲಾಗಿತ್ತು. ನಾನು ಬಗ್ಗಿ ಕೂಗಿದಾಗ ಅವಳಿಗೂ ನನಗೂ ನಡುವೆ ಒಂದು ಮೊಳ ದೂರವಿತ್ತು. ನನ್ನ ಕೈ ಕಂಡಿರಬೇಕು, ಮುಖ ಕಂಡಿರಬೇಕು. ಅದನ್ನು ಪರೀಕ್ಷೆ ಎಂದುಕೊಂಡಿದ್ದಳು.

ಹಜಾರದ ನಡುವೆ ಬಂದು ಕೈ ಕೆಳಗೆ ಬಿಟ್ಟು ನಿಂತಳು. ಅಳಲಿಲ್ಲ. ನನ್ನ ಮುಖ ನೋಡಿದಳು, ಸರಿಯಾಗಿ ನಿಂತೆನೇ ಎಂದು ಕೇಳುವವಳಂತೆ. ನಾನು ಎತ್ತಿಕೊಂಡೆ. ಮಕ್ಕಳನ್ನು ಎತ್ತಿಕೊಳ್ಳುವುದು ನನಗೆ ಬರುತ್ತಿರಲಿಲ್ಲ, ಕೈಯಿಂದ ಜಾರುತ್ತಿದ್ದಳು. ಬಸ್ ಸ್ಟಾಪಿನಿಂದ ಹಿಂತಿರುಗಿದ್ದ ಆಯಾ ಬಂದು ಅವಳ ಕಾಲುಗಳನ್ನು ನನ್ನ ಸೊಂಟದ ಸುತ್ತ ಸರಿಪಡಿಸಿದಳು.

ಪೆರಿಯಕ್ಕ ಫೋನು ಕೆಳಗಿಟ್ಟರು. ಹಾಲು ಬಿಸಿ ಮಾಡಿ ಅವರೇ ತಂದುಕೊಟ್ಟರು, ಆ ಹದಿಮೂರನೆಯ ಲೋಟದಲ್ಲೇ. ಮಗು ಪೂರ್ತಿ ಕುಡಿಯಿತು. ಐದು ಗಂಟೆ ದಾಟಿತ್ತು. ನಾನು ಹೊರಡಲು ಎದ್ದಾಗ ಗೇಟಿನವರೆಗೆ ಬಂದರು.

“ನಾಳೆ ಬರ್ತೀರಾ?”

“ಬರಬಹುದಾ?” ಎಂದೆ.

“ಬನ್ನಿ. ಮೂಡಿ ಕೆಲಸ ಆಯಾ ನೋಡ್ಕೊಳ್ಳಲಿ.” ಗೇಟಿನ ಚಿಲಕ ತೆಗೆಯುತ್ತಾ, “ಆ ಹತ್ತು ನಿಮಿಷ ನಾನು ಮರೆಯೋಕಾಗಲ್ಲ ಟೀಚರ್. ಹೇಳಿದ್ದೂ ಮರೆಯಲ್ಲ,” ಎಂದರು. ಸುಳ್ಳು ಹೇಳಿದ್ದೋ ನಿಜ ಹೇಳಿದ್ದೋ, ಯಾವುದೆಂದು ನಾನು ಕೇಳಲಿಲ್ಲ.

ಮನೆಯಲ್ಲಿ ತಂಗಿ ನನ್ನ ಬರಿಗಾಲು ನೋಡಿ, “ಏನಕ್ಕ, ಚಪ್ಲೀನೂ ಡ್ರಿಲ್‌ಗೆ ಬಿಟ್ಟು ಬಂದ್ಯಾ?” ಎಂದಳು. ನಾನು ಹೋಗಿ ಮಲಗಿದೆ. ಅವಳು ದೀಪ ಹಾಕಲಿಲ್ಲ, ಮಂಚದ ತುದಿಯಲ್ಲಿ ಬಂದು ಕೂತು ಪಾದಕ್ಕೆ ಎಣ್ಣೆ ಹಚ್ಚಿದಳು.

ಆಮೇಲೆ ನಾನು ಉದ್ದ ಸೀಟಿ ಊದಿದ್ದಿಲ್ಲ. ಎರಡು ಚಿಕ್ಕ ಸೀಟಿ ಮಾತ್ರ ಉಳಿಸಿಕೊಂಡೆ. ಹಾಲಿಗೆ ಬನ್ನಿ ಎನ್ನುವುದಕ್ಕೆ. ಪೇಂಟು ತರಿಸಿ ಹದಿಮೂರನೆಯ ವೃತ್ತವನ್ನೂ ಬರೆದೆ, ಮಕ್ಕಳು ಅವುಗಳ ಮೇಲೆ ಕುಂಟಾಬಿಲ್ಲೆ ಆಡುತ್ತಿದ್ದರು. ಹಳದಿ ಫ್ರಾಕಿನವಳು ಆಡುತ್ತಿರಲಿಲ್ಲ. ಅವಳಿಗೆ ಓಗೊಡುವುದನ್ನು ಕಲಿಸಲು ನನಗೆ ಏಳು ತಿಂಗಳು ಬೇಕಾಯಿತು. ದಿನವೂ ಎಲ್ಲಿಯೋ ನಿಂತು ಕರೆಯುತ್ತಿದ್ದೆ, ಬಿಸ್ಕತ್ತು ಕೈಯಲ್ಲಿ ಹಿಡಿದು. ಮೊದಲು ನನ್ನ ಕತ್ತಿನ ಸೀಟಿ ನೋಡುತ್ತಿದ್ದಳು. ಒಂದು ದಿನ ನೋಡದೆ ಬಂದಳು.

ಒಂದೂವರೆ ವರ್ಷದ ನಂತರ ಅವಳನ್ನು ದತ್ತು ತೆಗೆದುಕೊಳ್ಳಲು ಗಂಡಹೆಂಡಿರಿಬ್ಬರು ಬಂದರು. ಪೆರುಂಗುಡಿಯ ಕಡೆ ಎಲ್ಲೋ ಆಫೀಸು, ಮೈಸೂರಿನ ಕಡೆಯವರು, ನನ್ನೊಡನೆ ಕನ್ನಡದಲ್ಲೇ ಮಾತಾಡಿದರು. ಕಾಗದಪತ್ರವೆಲ್ಲ ಮುಗಿದಿತ್ತು. ಮಗುವಿನ ತಲೆಯಲ್ಲಿ ಆಗ ಎರಡು ಜಡೆ ಹಾಕುವಷ್ಟು ಕೂದಲು. ಅವಳನ್ನು ಕಾರಿನಲ್ಲಿ ಕೂರಿಸಿದರು. ನಾನು ಗೇಟಿನಲ್ಲಿ ನಿಂತಿದ್ದವಳು ಹೋಗಿ ಕಿಟಕಿ ತಟ್ಟಿದೆ. ಆ ಹೊಸ ತಾಯಿ ಗಾಜು ಇಳಿಸಿದಳು.

“ಒಂದು ಮಾತು ಕಣಮ್ಮ,” ಎಂದೆ. “ಇವಳಿಗೆ ಎಲ್ಲಾದರೂ ನಿಂತಿರು ಅಂತ ಹೇಳಿದರೆ, ಸಾಕು ಬಾ ಅಂತ ಹೇಳೋಕೆ ಮರೀಬೇಡ. ಅಂಗಡೀಲಿ, ಸ್ಕೂಲಲ್ಲಿ, ಎಲ್ಲೇ ಆಗ್ಲಿ. ನೀನು ಮರೆತರೆ ಇವಳು ನಿಂತೇ ಇರ್ತಾಳೆ.”

ಅವಳು ನಕ್ಕು, “ಆಗಲಿ ಆಂಟಿ,” ಎಂದಳು. ಮುದುಕಿಯ ಬುದ್ಧಿಮಾತು ಎಂದುಕೊಂಡಿದ್ದಳು. ನಾನು ಕಿಟಕಿ ಬಿಡಲಿಲ್ಲ. ಎರಡನೆಯ ಸಲ ಹೇಳಿದೆ. ನನ್ನ ಮುಖದಲ್ಲಿ ಏನು ಕಂಡಿತೋ, ನಗು ನಿಲ್ಲಿಸಿ ಮಗುವಿನ ಕೈ ಹಿಡಿದುಕೊಂಡಳು.

“ಮರೆಯಲ್ಲ,” ಎಂದಳು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದೆ. ಹಾಲಿನ ಹೊತ್ತಾಗಿತ್ತು. ಕೈ ತನ್ನಷ್ಟಕ್ಕೆ ಹದಿಮೂರು ಲೋಟ ಜೋಡಿಸಿತ್ತು. ಮಕ್ಕಳು ತಮ್ಮದು ತೆಗೆದುಕೊಂಡರು, ಒಂದು ಉಳಿಯಿತು. ಅವಳು ಎಲ್ಲಿದ್ದಾಳೆಂದು ನನಗೆ ಗೊತ್ತಿತ್ತು. ಆದರೂ ಮೆಟ್ಟಿಲ ಕೆಳಗೆ ಹೋಗಿ, ಚಾಪೆಗಳನ್ನೆಲ್ಲ ಒಂದೊಂದಾಗಿ ತೆಗೆದು, ಗೋಡೆ ಕಾಣುವವರೆಗೆ ನೋಡಿ ಬಂದೆ.